ಬೇಸ್‌ಮೆಂಟಿನಲ್ಲಿ ಹುರಿದ ಮೀನು

ಆಗಸ್ಟ್ 10, 1985. ಶನಿವಾರ ಮಧ್ಯಾಹ್ನ

ಈ ಶನಿವಾರವೂ ಆಫೀಸಿನ ಸುಳ್ಳೇ. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನಲ್ಲಿ ನಮ್ಮ ಆಫೀಸಿನ ಹುಡುಗ ಮಹದೇವ ತಾನಿರುವ ಬೇಸ್‌ಮೆಂಟಿನಿಂದ ಹೊರಬಂದು ನನ್ನ ಕಾರು ಹತ್ತುತ್ತಿದ್ದ. ಅಷ್ಟರಲ್ಲಿ ಮನೆಯ ಯಜಮಾನರು, ಸೂರ್ಯನಾರಾಯಣ ಅವರು, ಪೇಪರ್ ಎತ್ತಿಕೊಳ್ಳಲು ಪಂಚೆಯಲ್ಲೇ ಡ್ರೈವ್‌ವೇಗೆ ಬಂದರು.

"ಏನಯ್ಯಾ ಸತ್ಯ, ಶನಿವಾರಾನೂ ಹುಡುಗನ್ನ ದುಡಿಸ್ತೀಯಾ?"

"ಡೆಡ್‌ಲೈನ್ ಸಾರ್."

ನಕ್ಕರು. ಡಿಕ್ಕಿಯಲ್ಲಿ ಎರಡು ಗಾಳದ ರಾಡು, ಒಂದು ಡಬ್ಬಿ ಪ್ಲಾಸ್ಟಿಕ್ ಹುಳು. ಡೆಡ್‌ಲೈನಂತೆ!

ಕ್ಲಿಂಟನ್ ಹತ್ತಿರದ ರಿಸರ್ವಾಯರ್ ಪಾತಾಳಕ್ಕಿಳಿದಿದೆ. ಬರ. ಲಾನಿಗೆ ನೀರು ಬಿಡಬಾರದು, ಕಾರು ತೊಳೆಯಬಾರದು, ಹೋಟೆಲಿನಲ್ಲಿ ಕೇಳದೆ ನೀರಿಡಬಾರದು. ದೋಣಿ ಇಳಿಸುವ ಸಿಮೆಂಟಿನ ಇಳಿಜಾರು ಒಣನೆಲದಲ್ಲೇ ಮುಗಿಯುತ್ತದೆ. ಅಲ್ಲಿಂದ ಬಿರುಕುಬಿಟ್ಟ ಮಣ್ಣಿನ ಮೇಲೆ ಮರುಭೂಮಿ ದಾಟಿದ ಹಾಗೆ ನಡೆದು ನೀರು ಸೇರಬೇಕು. ಮುಳುಗಿದ್ದ ಮರದ ಬೊಡ್ಡೆಗಳು, ಯಾವ ಕಾಲದ್ದೋ ಹೊಲದ ಕಲ್ಲುಗೋಡೆ, ಎಲ್ಲ ಹೊರಗೆ ಬಂದಿವೆ. ಬೆಳಗಿನ ಹೊತ್ತು ಬ್ಯಾಸ್ ಮೀನು ಆ ಬೊಡ್ಡೆಗಳ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಬಿಸಿಲೇರಿದರೆ ಆಳಕ್ಕೆ ಹೋಗಿಬಿಡುತ್ತದೆ.

ಇದನ್ನು ಮಹದೇವ ನನಗೆ ಹೇಳಿಕೊಟ್ಟ. ಹೌದಾ, ಅಂದೆ. ಬೇಕೆಂದೇ ಲೈನ್ ಸಿಕ್ಕು ಮಾಡಿದೆ; ಅವನು ಬಿಡಿಸಿದ. ಮೀನು ಬಂದಾಗ ಮುಖ ಹಿಂಡಿದೆ.

"ನೀವು ಮುಟ್ಬೇಡಿ ಸಾರ್. ಕೈಯೆಲ್ಲಾ ವಾಸ್ನೆ ಆಯ್ತದೆ." ಅದರ ಕೆಳದವಡೆಗೆ ಹೆಬ್ಬೆರಳು ಕೊಟ್ಟು ಎತ್ತಿ, ತಾನೇ ಗಾಳ ಬಿಡಿಸಿದ.

ಕಾವೇರಿ ದಡದ ಬೆಸ್ತರ ಮನೆಯಲ್ಲಿ ಹುಟ್ಟಿದವನು ನಾನು. ನಡೆಯಲು ಕಲಿಯುವ ಮುಂಚೆ ಹರಿಗೋಲಿನಲ್ಲಿ ಕೂತವನು. ಅಪ್ಪ ಬೋರಲಿಂಗಯ್ಯನ ಹರಿದ ಬಲೆ ಹೆಣೆದುಕೊಟ್ಟವನು. ನನಗೆ ಗಾಳ ಹಿಡಿಯಲು ಬಾರದಂತೆ. ಇಂಜಿನಿಯರಿಂಗ್ ಬಿಟ್ಟು ನಾಟಕದ ಕಂಪನಿ ಸೇರಬೇಕಿತ್ತು.

ಆಗಸ್ಟ್ 13

ಊಟಕ್ಕೆ ಕೂತಾಗ ಹೆಂಡತಿ ಶಿವು ಮತ್ತೆ ಅದೇ ಎತ್ತಿದಳು.

"ಆ ಹುಡುಗನಿಗಾದ್ರೂ ಹೇಳಬಾರದಾ? ನಮ್ಮ ಪೈಕಿಯೋನೇ ಅಲ್ವಾ ಅವನು. ಮುಚ್ಚುಮರೆ ಇಲ್ದೆ ಎಲ್ಲರ ಮುಂದೂ ಹೇಳ್ಕೋತಾನೆ."

"ಅವನಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ."

"ಹೇಳಲಿ. ಗ್ರೀನ್ ಕಾರ್ಡ್ ಕಿತ್ಕೋತಾರಾ?"

ಸಾರು ಉಂಡೆ.

ಎಲ್ಲ ಶುರುವಾದದ್ದೂ ಒಂದು ಸಾರಿನಿಂದಲೇ. ಎಪ್ಪತ್ತನಾಲ್ಕರಲ್ಲಿ ಏರ್‌ಪೋರ್ಟಿನಿಂದ ನನ್ನನ್ನು ಕರೆತಂದು ಅದೇ ಬೇಸ್‌ಮೆಂಟಿನಲ್ಲಿ ಇಳಿಸಿದವರು ಸೂರ್ಯನಾರಾಯಣ ಅವರು. ಮೊದಲ ಊಟ. ಅವರ ಹೆಂಡತಿ ನಿರುಪಮಾ ಬಡಿಸುತ್ತಾ ಕೇಳಿದರು: "ಸತ್ಯನಾರಾಯಣ ಅಂದ್ರೆ ನೀವು ನಮ್ಮವರೇ ಅಲ್ವಾ?" ಬಾಯಿ ತುಂಬ ಸಾರನ್ನ. ತಲೆ ಆಡಿಸಿದೆ. ಮನೆಯಲ್ಲಿ ನಾನು ಬೋರ. ಸತ್ಯನಾರಾಯಣ ಎಂಬುದು ಸ್ಕೂಲಿನಲ್ಲಿ ಹೆಡ್‌ಮಾಸ್ತರರು ಇಟ್ಟ ಹೆಸರು. ಅದನ್ನು ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆ ಆಮೇಲೆ ಇನ್ನೂ ಬಂದಿಲ್ಲ. ಮದುವೆಯಾಗಿ ಶಿವಲಿಂಗಮ್ಮ ಬಂದಳು, ಅವಳನ್ನು ಶೀಲಾ ಮಾಡಿದೆ. ಮನೆಯಲ್ಲಿ ಮಾತ್ರ ಶಿವು.

ಓಲ್ಡ್ ಬ್ರಿಡ್ಜ್‌ನ ಈ ಮನೆಯಲ್ಲಿ ಒಂದು ದಿನವೂ ಮೀನು ಬೆಂದಿಲ್ಲ. ಆಸೆಯಾದರೆ ರೂಟ್ 18ರ ಮೆಕ್‌ಡೊನಾಲ್ಡ್ಸ್. ಪಾರ್ಕಿಂಗ್ ಲಾಟಿನ ಮೂಲೆಯಲ್ಲಿ ಕಾರಿನೊಳಗೇ ಗಂಡ ಹೆಂಡತಿ ಫಿಶ್ ಸ್ಯಾಂಡ್‌ವಿಚ್ ತಿಂದು, ಸೋಂಪು ಅಗಿದು, ಕಿಟಕಿ ಇಳಿಸಿಕೊಂಡು ಮನೆಗೆ ಬರುತ್ತೇವೆ. ಕಳ್ಳತನಕ್ಕೂ ಒಂದು ಘನತೆ ಬೇಡವೇ.

ಆಗಸ್ಟ್ 17. ಶನಿವಾರ

ಇವತ್ತು ಮಾಡಿದ್ದು... ಬರೆಯಲೇಬೇಕು.

ಏಳು ಗಂಟೆಯೊಳಗೆ ಮೂರು ಬ್ಯಾಸ್. ಅಳತೆಗೆ ಬಾರದ ಒಂದನ್ನು ನೀರಿಗೆ ಬಿಟ್ಟೆವು. ದೊಡ್ಡದು ನನ್ನ ಲೈನಿಗೇ ಬಿತ್ತು. ಎರಡು ಸಲ ನೀರಿನಿಂದ ಮೇಲೆ ಹಾರಿ ತಲೆ ಒದರಿತು. ಆ ಹೊತ್ತು ನಾಟಕ ಮರೆತೇಹೋಯಿತು. ಸಡಿಲ ಬಿಟ್ಟೆ, ಎಳೆದೆ, ಬೊಡ್ಡೆಗೆ ಸುತ್ತಿಕೊಳ್ಳಲು ಬಿಡದೆ ಪಕ್ಕಕ್ಕೆ ತಿರುಗಿಸಿದೆ. ಎಷ್ಟು ಸಂತೋಷವಾಯಿತೆಂದರೆ ಅಪ್ಪಾ ಅಂತ ಕೂಗಿಬಿಟ್ಟೆ. ಮಹದೇವ ಚಪ್ಪಾಳೆ ತಟ್ಟಿದ.

ಪಾರ್ಕಿನವರು ಇಟ್ಟಿರುವ ಇದ್ದಿಲ ಒಲೆಯ ಮೇಲೆ ಅವನು ಮೀನು ಸುಟ್ಟ. ಉಪ್ಪು, ಖಾರದಪುಡಿ, ನಿಂಬೆಹಣ್ಣು, ಎಲ್ಲ ಜೇಬಿನಲ್ಲೇ ತಂದಿದ್ದ.

"ನೀವು ತಿನ್ನಾಕಿಲ್ವಲ್ಲ ಸಾರ್."

"ಸ್ವಲ್ಪ ರುಚಿ ನೋಡ್ತೀನಿ. ಅಮೆರಿಕಕ್ಕೆ ಬಂದ ಮೇಲೆ ಎಲ್ಲಾ ನೋಡಬೇಕಲ್ಲ."

ರುಚಿ ನೋಡುತ್ತ ಅರ್ಧ ಮೀನು ಮುಗಿಸಿದೆ. ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಮುಳ್ಳು ಎಷ್ಟು ಚೆಂದಾಗಿ ಬಿಡಿಸ್ತೀರಿ! ಸಾರ್, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ನೀವು ನಮ್ಮೋರಾ?"

"ಛೆ ಛೆ!" ಅಂದೆ.

ಇಲ್ಲ ಅನ್ನಬಹುದಿತ್ತು. ಯಾಕಪ್ಪಾ ಅಂತ ನಗಬಹುದಿತ್ತು. ನನ್ನ ಬಾಯಿಂದ ಬಂದದ್ದು ಛೆ ಛೆ. ಹೊಲಸು ತುಳಿದವನ ಹಾಗೆ.

ಅವನ ಮುಖ ಕೆಂಪಾಯಿತು. ಕ್ಷಮೆ ಕೇಳಿದವನೂ ಅವನೇ. "ತಪ್ಪು ತಿಳ್ಕೋಬೇಡಿ ಸಾರ್. ಸುಮ್ನೆ, ಕೈ ನೋಡಿ ಕೇಳ್ದೆ." ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ತನ್ನ ಊರಿನ ಮಾತು ಎತ್ತಲಿಲ್ಲ. ಅವನ ಊರು ನಮ್ಮೂರಿನಿಂದ ಹೊಳೆಯ ಒಂದು ತಿರುವು ಕೆಳಗೆ. ಆ ಊರಿನ ಕಟ್ಟೆ ನನಗೆ ಗೊತ್ತು, ಮರ ಗೊತ್ತು. ಅಲ್ಲಿ ನನ್ನ ಅತ್ತೆಯೊಬ್ಬಳು ಸತ್ತಳು.

ಶಿವುಗೆ ಇದನ್ನು ಹೇಳಿಲ್ಲ.

ಆಗಸ್ಟ್ 24

ಹೋಗಲಿಲ್ಲ. ಜ್ವರ ಅಂದೆ. ಅವನು ಸಾಯಂಕಾಲ ಫೋನ್ ಮಾಡಿ, "ಈಗ ಹೆಂಗಿದೆ ಸಾರ್?" ಎಂದು ವಿಚಾರಿಸಿದ.

ಆಗಸ್ಟ್ 31. ಶನಿವಾರ, ಮಧ್ಯಾಹ್ನ 1

ಲೇಬರ್ ಡೇ ವಾರಾಂತ್ಯ. ರಿಸರ್ವಾಯರ್ ತುಂಬ ಜನ, ನೀರಿಗಿಂತ ಜನರೇ ಜಾಸ್ತಿ. ಎರಡು ಒಳ್ಳೆಯ ಬ್ಯಾಸ್ ಸಿಕ್ಕವು. ಒಲೆಗಳೆಲ್ಲ ಬೇರೆಯವರ ಪಾಲಾಗಿದ್ದವು.

"ಮನೇಲೇ ಹುರೀತೀನಿ ಸಾರ್. ಬೇಸ್‌ಮೆಂಟಲ್ಲಿ ಕರೆಂಟ್ ಒಲೆ ಐತಲ್ಲ. ಶ್ರಾವಣ ಅಂತ ಇಷ್ಟು ದಿನ ಅವರ ಮನೇಲಿ ಮಾಡ್ದೆ ಸುಮ್ನಿದ್ದೆ. ನಿನ್ನೆ ವರಮಹಾಲಕ್ಷ್ಮಿನೂ ಮುಗೀತಲ್ಲ."

ಮುಗಿದಿಲ್ಲ. ಪಂಚಾಂಗದ ಹಬ್ಬ ನಿನ್ನೆ ಶುಕ್ರವಾರ. ನ್ಯೂಜೆರ್ಸಿಯ ಹಬ್ಬ ಇವತ್ತು ಶನಿವಾರ. ಇಲ್ಲಿ ದೇವರುಗಳೂ ವೀಕೆಂಡಿಗೆ ಕಾಯಬೇಕು. ಸಂಜೆ ಐದಕ್ಕೆ ಅವನ ತಲೆಯ ಮೇಲೇ, ಸೂರ್ಯನಾರಾಯಣ ಅವರ ಹಾಲ್‌ನಲ್ಲಿ ಪೂಜೆ. ನಮಗೆ ಕರೆ ಬಂದು ಹದಿನೈದು ದಿನವಾಯಿತು. ಅದೇ ಮನೆಯ ಕೆಳಗೆ ಮಲಗುವ ಹುಡುಗನನ್ನು ಕರೆದಿಲ್ಲ.

ಹೇಳಬೇಕಿತ್ತು. ಹೇಳಿದರೆ, ನಿನ್ನನ್ನು ಕರೆದಿಲ್ಲ ಅಂತಲೂ ಹೇಳಿದ ಹಾಗಾಗುತ್ತಿತ್ತು. ಅದಕ್ಕೆ ಬೇರೆ ಮಾತಾಡಿದೆ: "ಈಗಲೇ ಮಾಡಿ ಮುಗಿಸಿಬಿಡು. ಕಿಟಕಿ ಬಾಗಿಲು ಭದ್ರವಾಗಿ ಹಾಕ್ಕೋ. ವಾಸನೆ ಹೊರಗೆ ಹೋಗಬಾರದು."

"ಆಯ್ತು ಸಾರ್."

ಐದು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ಏನೂ ಆಗುವುದಿಲ್ಲ.

ಸೆಪ್ಟೆಂಬರ್ 1. ಭಾನುವಾರ ಬೆಳಿಗ್ಗೆ

ಆಯಿತು.

ಹಾಲ್ ತುಂಬ ಜನ. ಹೆಂಗಸರೆಲ್ಲ ರೇಷ್ಮೆಸೀರೆ, ನಾವು ಪಂಚೆ. ಫೈರ್‌ಪ್ಲೇಸಿನ ಪಕ್ಕದಲ್ಲಿ ಕಲಶ, ಅದಕ್ಕೆ ಬೆಳ್ಳಿಯ ಮುಖವಾಡ. ಹೊರಗೆ ಧಗೆ, ಒಳಗೆ ಸೆಂಟ್ರಲ್ ಏರ್‌ಕಂಡೀಷನ್ ಜೋರಾಗಿ ಓಡುತ್ತಿತ್ತು. ನಿರುಪಮಾ ಕರ್ಪೂರ ಹಚ್ಚಿದರು. ಆಗ ಬಂತು.

ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹುಳಿ, ಕಾದ ಎಣ್ಣೆ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬಾಯಲ್ಲಿ ನೀರು. ಲಕ್ಷ್ಮಿಯ ಮುಂದೆ ಕೈಮುಗಿದು ನಿಂತು ಜೊಲ್ಲು ನುಂಗಿದೆ. ಪಕ್ಕದಲ್ಲಿ ಶಿವು. ಅವಳೂ ನುಂಗಿದ್ದು ಕಾಣಿಸಿತು.

ಕಿಟಕಿ ತೆರೆದಿದ್ದರೆ ವಾಸನೆ ಹಿತ್ತಲಿಗೆ ಹೋಗುತ್ತಿತ್ತು. ಮುಚ್ಚಿದ್ದರಿಂದ ಕೆಳಗಿನ ಗಾಳಿಯನ್ನೆಲ್ಲ ಏರ್‌ಕಂಡೀಷನ್ ಎಳೆದುಕೊಂಡು ಮನೆಯ ಮೂಲೆಮೂಲೆಗೂ ಹಂಚಿತು. ಕಲಶದ ಪಕ್ಕದಲ್ಲೇ ನೆಲದಲ್ಲೊಂದು ಜಾಲರಿ. ಅಲ್ಲಿಂದ ತಣ್ಣಗೆ ಘಮಘಮ ಬರುತ್ತಿತ್ತು. ಭದ್ರವಾಗಿ ಮುಚ್ಚು ಎಂದು ಸಲಹೆ ಕೊಟ್ಟ ನಾನು ಮೆಕ್ಯಾನಿಕಲ್ ಇಂಜಿನಿಯರ್.

"ಏನ್ರೀ ಇದು ವಾಸನೆ?" ನಿರುಪಮಾ ಆರತಿ ತಟ್ಟೆ ಹಿಡಿದೇ ಕೇಳಿದರು. ಯಾರೋ ಸೆರಗು ಮೂಗಿಗೆ ಒತ್ತಿಕೊಂಡರು. ಸೂರ್ಯನಾರಾಯಣ ಅವರು ಕೆಳಗೆ ಇಳಿದು ಹೋದರು, ಮಹದೇವನನ್ನು ಮುಂದೆ ಬಿಟ್ಟುಕೊಂಡು ಮೇಲೆ ಬಂದರು. ಮೈಮೇಲೆ ಬನಿಯನ್, ಕೈಯಲ್ಲಿ ಮೀನು ಮೊಗಚುವ ಸಟ್ಟುಗ. ಬೆಳಗಿನ ಜಾವ ಎದ್ದವನು ಮಧ್ಯಾಹ್ನ ಮಲಗಿ ನಿದ್ದೆ ಹೋಗಿದ್ದನಂತೆ, ಐದಕ್ಕೆ ಎದ್ದು ಒಲೆ ಹಚ್ಚಿದ್ದ. ಕಲಶ ನೋಡಿದ, ಜನರನ್ನು ನೋಡಿದ.

"ಹಬ್ಬ ನಿನ್ನೆ ಅಲ್ವಾ ಸಾರ್?"

ಒಬ್ಬರು ಕಿಸಕ್ಕೆಂದರು.

"ಮೀನು ಎಲ್ಲಿಂದ ಬಂತಯ್ಯಾ?" ಸೂರ್ಯನಾರಾಯಣ ಅವರು ಕೇಳಿದರು.

"ನಾನೇ ಹಿಡಿದೆ ಸಾರ್. ರಿಸರ್ವಾಯರ್‌ನಲ್ಲಿ."

"ನಿನಗೆ ಕಾರಿಲ್ಲ. ಯಾರು ಕರ್ಕೊಂಡು ಹೋದ್ರು?"

ಅವನು ನನ್ನ ಕಡೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ. "ಆಫೀಸಿನ ಅಮೆರಿಕನ್ ಒಬ್ರು," ಅಂದ.

ಸೂರ್ಯನಾರಾಯಣ ಅವರು ನನ್ನ ಕಡೆ ತಿರುಗಿದರು. "ಸತ್ಯ, ನೀನೇ ಹೇಳಪ್ಪ. ನೀನೂ ಈ ಬೇಸ್‌ಮೆಂಟಲ್ಲೇ ಇದ್ದವನು."

ಏರ್‌ಕಂಡೀಷನ್ ಒಂದೇ ಗುಂಯ್‌ಗುಟ್ಟುತ್ತಿತ್ತು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತಲೇ ಬಾಯಿ ತೆರೆದೆ.

"ಇನ್ನೊಬ್ಬರ ಮನೇಲಿ ಇರುವಾಗ ಅವರ ಆಚಾರ ನೋಡ್ಕೊಂಡು ಇರಬೇಕಪ್ಪಾ, ಮಹದೇವ."

"ತಪ್ಪಾಯ್ತು ಸಾರ್," ಅಂದ. ಅದನ್ನು ಅವರಿಗೆ ಹೇಳಲಿಲ್ಲ. ನನಗೆ ಹೇಳಿದ.

ವಾರದೊಳಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿದರು. ಗಂಜಲ ಎಲ್ಲಿ ಸಿಗಬೇಕು ಇಲ್ಲಿ, ವಾಸನೆ ಹೋಗಲು ಲೈಸಾಲ್ ಸ್ಪ್ರೇ ಹೊಡೆದು ಪೂಜೆ ಮುಂದುವರಿಸಿದರು. ನಾನು ಪ್ರಸಾದ ತಿಂದೆ. ಶಿವು ಅರಿಶಿನ ಕುಂಕುಮ ತೆಗೆದುಕೊಂಡವಳು ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತಳು.

ಸೆಪ್ಟೆಂಬರ್ 2

ಲೇಬರ್ ಡೇ. ರಜ.

ಸೆಪ್ಟೆಂಬರ್ 5

"ಮೇಲಿನ ರೂಮು ಖಾಲಿ ಇದೆ. ಅವನನ್ನ ಇಲ್ಲಿಗೆ ಕರ್ಕೊಂಡು ಬನ್ನಿ," ಅಂದಳು ಶಿವು. ಐದು ದಿನಗಳಲ್ಲಿ ಅವಳು ಆಡಿದ ಮೊದಲ ಉದ್ದದ ಮಾತು.

"ಜನ ಏನಂತಾರೆ? ಅವರು ಹೊರಗೆ ಹಾಕಿದವನನ್ನ ನಾವು ಯಾಕೆ ಇಟ್ಕೊಂಡ್ವಿ ಅಂತ ಕೇಳಲ್ವಾ?"

"ಕೇಳಲಿ ಅಂತಲೇ ಹೇಳ್ತಿರೋದು."

"ಸ್ವಲ್ಪ ತಣ್ಣಗಾಗಲಿ, ಶಿವು."

"ಹೊಳೆದಡದಲ್ಲಿ ಹುಟ್ಟಿದೋರಿಗೆ ಇಷ್ಟು ಪುಕ್ಕಲುತನ ಎಲ್ಲಿಂದ ಬಂತೋ," ಎಂದು ಎದ್ದು ಹೋದಳು. ಅವಳು ಹೇಳಿದ್ದು ಸರಿ. ನಾನು ಹೇಡಿ.

ಸೆಪ್ಟೆಂಬರ್ 7. ಶನಿವಾರ

ಮಹದೇವನನ್ನು ಸೀಕಾಕಸ್‌ಗೆ ಬಿಟ್ಟು ಬಂದೆ. ಗೋದಾಮಿನಲ್ಲಿ ಕೆಲಸ ಮಾಡುವ ಗಯಾನಾದವನೊಬ್ಬನ ಜೊತೆ ರೂಮು. ಕಿಟಕಿ ತೆರೆದರೆ ಲಾರಿಗಳು. ಅವನ ಸಾಮಾನು ಎರಡು ಸೂಟ್‌ಕೇಸು, ಒಂದು ಬಾಣಲೆ, ಒಂದು ರಾಡು. ಇನ್ನೊಂದು ರಾಡು ನನ್ನ ಡಿಕ್ಕಿಯಲ್ಲೇ ಇದೆ. ಅವನೂ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟ್ರಾಫಿಕ್ಕು ನಿಂತಾಗ ಕೇಳಿಬಿಟ್ಟೆ: "ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಅಯ್ಯೋ, ಎಲ್ಲಾದ್ರೂ ಉಂಟಾ ಸಾರ್? ನನಗೇನು, ಬೆಸ್ತರೋನು ಮೀನು ತಿಂದ ಅಂತಾರೆ, ಅಷ್ಟೇ. ನಿಮ್ಮ ಹೆಸರು ಬಂದ್ರೆ ನಿಮ್ಮ ಜಾತಿಯೋರು ನಿಮ್ಮನ್ನ ಸುಮ್ನೆ ಬಿಟ್ಟಾರಾ?" ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದ: "ಇಲ್ಲಿಗೆ ಬಂದ ಮ್ಯಾಕೆ ನನ್ನ ಜೊತೆ ಒಂದೇ ಎಲೇಲಿ ಕೂತು ಉಂಡೋರು ನೀವೊಬ್ರೇ ಸಾರ್. ದೊಡ್ಡ ಮನಸು ನಿಮ್ದು."

ದೊಡ್ಡ ಮನಸು. ಸ್ಟಿಯರಿಂಗ್ ಬಿಟ್ಟು ಇಳಿದು ಓಡಿಹೋಗಬೇಕು ಅನ್ನಿಸಿತು. ಮುಂದಿನ ಕಾರು ಚಲಿಸಿತು, ನಾನೂ ಚಲಿಸಿದೆ.

ಸೆಪ್ಟೆಂಬರ್ 19

ನಿನ್ನೆ ಗಣೇಶನ ಹಬ್ಬ. ಶನಿವಾರಕ್ಕೆ ಆಚರಣೆ.

ಮಹದೇವನಿಗೆ ಈಗ ಆಫೀಸಿಗೆ ಬರಲು ಸೀಕಾಕಸ್‌ನಿಂದ ನ್ಯೂಆರ್ಕ್‌ಗೆ ಬಸ್ಸು, ಅಲ್ಲಿಂದ ಟ್ರೇನು, ಸ್ಟೇಷನ್ನಿನಿಂದ ರೂಟ್ 22ರ ಅಂಚಿನಲ್ಲಿ ನಡಿಗೆ. ಕಾಲುದಾರಿಯೂ ಇಲ್ಲ ಅಲ್ಲಿ. ಈ ವಾರದಲ್ಲಿ ಮೂರು ದಿನ ಲೇಟು. ಮ್ಯಾನೇಜರ್ ನನ್ನನ್ನು ಕರೆದು, ಹೀಗೇ ಆದರೆ ಕಾಂಟ್ರಾಕ್ಟ್ ಮುಂದುವರಿಸುವುದು ಕಷ್ಟ ಅಂದ. ಕಾಂಟ್ರಾಕ್ಟ್ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಹುಡುಗ ಊರಿಗೆ. ಆ ಊರಿನಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ಅವನು.

ಕ್ಯಾಂಟೀನಿನಲ್ಲಿ ಸಿಕ್ಕ. ಶೂ ತುಂಬ ಧೂಳು. "ಕಮ್ಯೂಟ್ ಮಾಡೋದು ಅಭ್ಯಾಸ ಆಯ್ತದೆ ಬುಡಿ ಸಾರ್," ಎಂದು ನಕ್ಕ. ನಮ್ಮ ಮನೆಯ ಮೇಲಿನ ರೂಮಿನಲ್ಲಿ ಶಿವು ಇಸ್ತ್ರಿ ಬೋರ್ಡ್ ಇಟ್ಟಿದ್ದಾಳೆ.

ಸೆಪ್ಟೆಂಬರ್ 28. ಶನಿವಾರ ಸಂಜೆ

ನಿನ್ನೆ ಗ್ಲೋರಿಯಾ ಚಂಡಮಾರುತ. ವರ್ಷದ ಬರ ಒಂದೇ ದಿನ ತೀರಿಸುವ ಹಾಗೆ ಸುರಿಯಿತು. ಸೂರ್ಯನಾರಾಯಣ ಅವರ ಹಿತ್ತಲಲ್ಲಿ ಓಕ್ ಮರದ ಕೊಂಬೆ ಡೆಕ್ ಮೇಲೆ ಬಿದ್ದಿತ್ತು. ಗರಗಸ ಹಿಡಿದುಕೊಂಡು ಹೋದೆ. ಅವರು ಒಂದು ತುದಿ ಹಿಡಿದರು, ನಾನು ಕೊಯ್ದೆ. ಬೇಸ್‌ಮೆಂಟಿನ ಕಿಟಕಿ ಕಣ್ಣೆದುರೇ ಇತ್ತು. ಹೇಳಿಬಿಟ್ಟೆ.

"ಸಾರ್, ನಾನು ಬೆಸ್ತರವನು."

ಅವರು ಕೊಂಬೆ ಬಿಡಲಿಲ್ಲ. "ಗೊತ್ತು," ಅಂದರು.

ಗರಗಸ ನಿಂತಿತು.

"ನೀನು ಬಂದ ವರ್ಷವೇ ಗೊತ್ತಾಯ್ತಯ್ಯಾ. ನಿಮ್ಮ ಹೈಸ್ಕೂಲಿನ ಮೇಷ್ಟ್ರು ನಮ್ಮ ಷಡ್ಡಕನ ತಮ್ಮ. ನಿರುಪಮನಿಗೂ ಗೊತ್ತು. ಕೊಯ್ಯಿ, ಯಾಕೆ ನಿಲ್ಲಿಸಿದೆ?"

"ಮತ್ತೆ... ಒಂದು ದಿನವೂ ಕೇಳಲಿಲ್ಲ?"

"ಏನು ಕೇಳೋದು? ನೀನು ನಾಜೂಕಿನ ಮನುಷ್ಯ. ನಮಗೂ ಮುಜುಗರ ಮಾಡಲಿಲ್ಲ, ನೀನೂ ಮಾಡ್ಕೊಳ್ಳಲಿಲ್ಲ. ಆ ಹುಡುಗ ಹಾಗಲ್ಲ, ಬಂದ ದಿನವೇ ಎಲ್ಲರ ಮುಂದೆ ನಾನು ಇಂಥವನು ಅಂದುಬಿಟ್ಟ. ಅವನನ್ನ ಹೇಗಯ್ಯಾ ಪೂಜೆಗೆ ಕರೆಯೋದು?" ಆಮೇಲೆ ದನಿ ತಗ್ಗಿಸಿದರು, ಪ್ರೀತಿಯಿಂದಲೇ. "ಮೀನಿಗೆ ಕರ್ಕೊಂಡು ಹೋಗಿದ್ದು ನೀನು ಅಂತಲೂ ಗೊತ್ತು. ಅದಕ್ಕೇ ಅವತ್ತು ನಿನ್ನನ್ನೇ ಮಾತಾಡು ಅಂದೆ. ನೀನು ಪಾರಾಗಲಿ ಅಂತ."

ಕೆಟ್ಟವರಲ್ಲ ಅವರು. ಏರ್‌ಪೋರ್ಟಿನಿಂದ ಎಷ್ಟು ಜನರನ್ನು ಕರೆತಂದು ಅನ್ನ ಹಾಕಿದ್ದಾರೆ. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ಅವರು ನನ್ನನ್ನು ಮೆಚ್ಚಿಕೊಂಡರು. ಉಳಿದವರೆಲ್ಲ ಆ ಮನೆಯಲ್ಲಿ ಅಡುಗೆಮನೆಗೇ ಹೋಗಿ ಕಾಫಿ ಬೆರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಯಾವಾಗಲೂ ಹಾಲ್‌ಗೇ ತಂದುಕೊಡುತ್ತಾರೆ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಇವತ್ತೂ ಹಾಲ್‌ಗೇ ತಂದುಕೊಟ್ಟರು. ಕುಡಿಯಲಿಲ್ಲ. ಗರಗಸ ಅಲ್ಲೇ ಬಿಟ್ಟು ಬಂದೆ.

ಹಾಗಾದರೆ ನಾನು ಯಾರಿಗೆ ಮೋಸ ಮಾಡಿದ್ದು? ಇವರಿಗಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಸುಳ್ಳನ್ನು ನಿಜವಾಗಿ ನಂಬಿದವನು ಒಬ್ಬನೇ ಒಬ್ಬ. ನಮ್ಮ ಹೊಳೆಯ ಹುಡುಗ.

ಸೆಪ್ಟೆಂಬರ್ 29. ಭಾನುವಾರ

ಶಿವುಗೆ ಎಲ್ಲ ಹೇಳಿದೆ. ರಿಸರ್ವಾಯರ್‌ನಲ್ಲಿ ನಾನು ಅವನಿಗೆ ಹೇಳಿದ ಮಾತನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅತ್ತಳು. ಎದ್ದು ಹೋಗಿ ಮೇಲಿನ ರೂಮಿನಿಂದ ಇಸ್ತ್ರಿ ಬೋರ್ಡ್ ಹೊರಗೆ ಹಾಕಿ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದಳು.

"ಮೊದಲು ನಿಜ ಹೇಳಿ. ಆಮೇಲೆ ಕರೀರಿ," ಅಂದಳು.

ಹನ್ನೊಂದಕ್ಕೆ ಫೋನ್ ಮಾಡಿದೆ. ಗಯಾನಾದವನು ಎತ್ತಿ ಅವನನ್ನು ಕರೆದ. ಹೇಳಿದೆ. ಊರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಬೋರ ಅಂದೆ. ಅವನ ಊರಲ್ಲಿದ್ದ ಅತ್ತೆಯ ಮನೆ ಯಾವುದು ಅಂತಲೂ ಹೇಳಿದೆ. ಆ ಕಡೆಯಿಂದ ಲಾರಿಯೊಂದು ಹಿಂದಕ್ಕೆ ಸರಿಯುವ ಕೀಂ ಕೀಂ ಮಾತ್ರ ಕೇಳುತ್ತಿತ್ತು. ನಮ್ಮ ಮನೆಗೆ ಬಂದುಬಿಡು, ದಿನಾ ಜೊತೆಯಲ್ಲೇ ಆಫೀಸಿಗೆ ಹೋಗೋಣ, ಅಂದೆ.

ಆಮೇಲೆ ಅವನು ಮಾತಾಡಿದ. ಸಾರ್ ಅನ್ನಲಿಲ್ಲ, ಅಣ್ಣ ಅಂತಲೂ ಅನ್ನಲಿಲ್ಲ.

"ಬತ್ತೀನಿ. ಬರ್ದೆ ಎಲ್ಲಿಗೆ ಹೋಗ್ಲಿ, ಕೆಲ್ಸ ಉಳೀಬೇಕಲ್ಲ. ಒಂದು ಕೇಳ್ತೀನಿ. ನಾಳೆ ಅವ್ರೆಲ್ಲಾ ನಿಮ್ಮನೆ ಊಟಕ್ಕೆ ಬಂದು, ಇವನು ಯಾರು ಅಂತ ಕೇಳ್ತಾರೆ. ನಾನು ಅಲ್ಲೇ ನಿಂತಿರ್ತೀನಿ. ಅವಾಗ ಏನಂತೀರಿ?"

ಶಿವು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದೆ... ಇಲ್ಲ. ಇಲ್ಲಿ ಸುಳ್ಳು ಬರೆಯುವುದಿಲ್ಲ. ಹೇಳಲು ಬಾಯಿ ತೆರೆದೆ, ಮತ್ತೆ ಬೇರೆ ಮಾತೇ ಆಡಿದೆ: "ಕಾರು ತರ್ತೀನಿ, ರೆಡಿಯಾಗಿರು."